ಹಿತ್ತಲಿನ ಬಾಲ ಕುಣಿಸುವ ಹಕ್ಕಿ

ಚಳಿಗಾಲದ ಭಾನುವಾರಗಳಲ್ಲಿ ನನ್ನನ್ನು ಮನೆಯಲ್ಲಿ ಹಿಡಿದಿಡಲು ಯಾರಿಂದಲೂ ಆಗದು. ಬೆಳಕು ಹರಿಯುವ ಹೊತ್ತಿಗೆ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಹೆಸರಘಟ್ಟದ ಹುಲ್ಲುಗಾವಲಿನಲ್ಲಿರುತ್ತೇನೆ. ದೂರದ ಸೀಮೆಯಿಂದ ವಲಸೆ ಬಂದ ಗಿಡುಗಗಳನ್ನು ನೋಡಿ, ವಾಪಸು ಅಮೃತಹಳ್ಳಿಗೆ ಬಂದು ಅತ್ತೆಯ ಮುಂದೆ ವರದಿ ಒಪ್ಪಿಸುತ್ತೇನೆ. ಮೂರು ವರ್ಷದ ಹಿಂದೆ ಸೊಂಟದ ಮೂಳೆ ಮುರಿದ ಮೇಲೆ ಅವರು ಹಿತ್ತಲ ಕಿಟಕಿಯ ಪಕ್ಕದ ಮಂಚ ಬಿಟ್ಟು ಏಳುವುದು ಕಡಿಮೆ. ನಾನು ಹೇಳಿದ್ದನ್ನೆಲ್ಲ ಕೇಳಿ, "ಅಂಗಾ?" ಎನ್ನುತ್ತಾರೆ, ಅಷ್ಟೆ.

ನಾನು ಹಿತ್ತಲ ಕಡೆ ಹೋಗುವುದೇ ಅಪರೂಪ. ಈ ಸಂಕ್ರಾಂತಿಗೆ ತೊಳೆಯಲು ಹೋದರೆ ಟ್ಯಾಂಕಿನ ಪೈಪು ಸೋರಿ ಗೋಡೆಯ ಬುಡದಲ್ಲಿ ದಪ್ಪಗೆ ಪಾಚಿ ಕಟ್ಟಿತ್ತು. ನನಗೆ ಪಿತ್ತ ನೆತ್ತಿಗೇರಿತು. ಪ್ಲಂಬರ್ ಎದುರಿಗೇ ಅತ್ತೆಯನ್ನು ತರಾಟೆಗೆ ತೆಗೆದುಕೊಂಡೆ.

"ದಿನವೆಲ್ಲ ಇಲ್ಲೇ ಕೂತಿರ್ತೀರಲ್ಲ ಅತ್ತೆ, ಒಂದ್ ಮಾತು ಹೇಳ್ಬಾರ್ದಾ? ನಾವಿಲ್ಲಿ ಟ್ಯಾಂಕರ್ ತರಿಸ್ತಿದೀವಿ!"

ಅವರು ಸೆರಗು ಸರಿಮಾಡಿಕೊಂಡರು. ಪೈಪು ಹೊಸದಾಯಿತು. ಪಾಚಿಯನ್ನು ನಾನೇ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೆಗೆದೆ.

ನಾಲ್ಕೈದು ದಿನ ಬಿಟ್ಟು ಊಟದ ತಟ್ಟೆ ಹಿಡಿದು ಹೋದಾಗ ಅತ್ತೆ ಆ ಒಣಗಿದ ಸಿಮೆಂಟನ್ನೇ ನೋಡುತ್ತಿದ್ದರು. ಏನು ನೋಡುತ್ತಿದ್ದೀರಿ ಎಂದೆ.

"ಏನಿಲ್ಲ ಕಣವ್ವ. ಬಾಲ ಕುಣಿಸ್ಕಂಡು ಒಂದು ಬರೋದು. ಕೆಳಗೆಲ್ಲ ಅರಿಶಿನದ ಬಣ್ಣ. ಆ ಪಾಚೀಲಿ ಉಳ ಆರಿಸ್ಕಂಡು ತಿನ್ನೋದು. ಮೂರು ಚಳಿಗಾಲದಿಂದ ಬರ್ತಿತ್ತು. ಈಗ ಕಾಣ್ತಿಲ್ಲ."

ಬೂದು ಸಿಪಿಲೆ! ಬೆನ್ನು ಬೂದು, ಹೊಟ್ಟೆ ಹಳದಿ; ಹಿಮಾಲಯದ ಕಡೆಯಿಂದ ಚಳಿಗೆ ಇಳಿದು ಬರುವ ಹಕ್ಕಿ. ಅದನ್ನು ನೋಡಲು ನಾನು ಎಲ್ಲೆಲ್ಲಿಗೋ ಅಲೆದಿದ್ದೇನೆ. ಮನೆಗೇ ಬಂದದ್ದನ್ನು ತಿಕ್ಕಿ ಓಡಿಸಿದ್ದೆ. ಹಾಸಿಗೆ ಹಿಡಿದವರಿಗೆ ಇದ್ದ ಒಂದೇ ಒಂದು ಸಂತೋಷವನ್ನು ಕಿತ್ತುಕೊಂಡು, ಮೇಲೆ ಬೈದೂ ಬಿಟ್ಟಿದ್ದೆ. ಮಾರನೆಯ ದಿನದಿಂದ ಬಟ್ಟಲಲ್ಲಿ ನೀರಿಟ್ಟೆ, ಒದ್ದೆ ಗೋಣಿಚೀಲ ಹಾಸಿದೆ, ನಲ್ಲಿ ಸಣ್ಣಗೆ ಬಿಟ್ಟೆ. ಕಾಗೆಗಳು ಬಂದವು, ಅದು ಬರಲಿಲ್ಲ.

ಕೊನೆಗೆ ಅತ್ತೆಯ ಮಂಚದ ಮೇಲೆ ಕೂತು, ತಪ್ಪಾಯಿತು ಅಂದೆ. ನಾನು ವಾರವಾರವೂ ಹಕ್ಕಿ ಹಕ್ಕಿ ಎಂದು ಬಡಬಡಿಸುವಾಗ ನೀವು ಒಂದು ದಿನವಾದರೂ ಇದನ್ನು ಯಾಕೆ ಹೇಳಲಿಲ್ಲ ಎಂದೂ ಕೇಳಿದೆ.

"ಯೇಳಿದ್ರೆ ಪೈಪು ಸೋರೋದು ನಿಂಗೆ ಗೊತ್ತಾಗ್ಬುಡೋದಲ್ಲವ್ವ," ಎಂದರು. "ಅವತ್ತೇ ರಿಪೇರಿ ಮಾಡಿಸ್ಬುಡೋಳು ನೀನು."

ಆ ಮಾತಿನಲ್ಲಿ ಕೋಪವೇನೂ ಇರಲಿಲ್ಲ. ನಾನು ಎಂಥವಳೆಂದು ಅವರಿಗೆ ಮೊದಲೇ ಗೊತ್ತಿತ್ತು.