ಮೇಲಿನ ಹಲಗೆಯ ಮಕ್ಕಳ ಪುಸ್ತಕ

ಬೆಳಗಿನ ಬಾಂಗು ಮುಗಿದು ಅರ್ಧ ಗಂಟೆಯಾಗಿದೆ. ಕಡಲಂಚಿನ ಊರು ಸೆಮರಾಂಗ್‌ನ ಹಳೇ ಪೇಟೆ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಕಾಲುವೆ ಪಕ್ಕದ ಮೂರು ಮಹಡಿ ಕಟ್ಟಡದ ತಾರಸಿಯ ಮೇಲೆ ಹತ್ತೊಂಬತ್ತು ಪ್ಲಾಸ್ಟಿಕ್ ಬೋಗುಣಿಗಳು ಸಾಲಾಗಿ ಕೂತಿವೆ. ಒಂದೊಂದರಲ್ಲೂ ಉಪ್ಪುನೀರು, ಒಂದೊಂದರಲ್ಲೂ ಮುಳುಗಿದ ಪುಸ್ತಕ. ಸಾರೊಂಗನ್ನು ಮೊಣಕಾಲಿಗೆ ಎತ್ತಿ ಕಟ್ಟಿದ ಅರವತ್ತೊಂದರ ಕಸ್ಮಿರಾ ಕುಕ್ಕರುಗಾಲಲ್ಲಿ ಕೂತು, ಬಾಣಲೆಯಲ್ಲಿ ತೆಂಪೆ ಮಗುಚುವ ನಾಜೂಕಿನಲ್ಲಿ ಹಳೇ ಟೆಲಿಫೋನ್ ಡೈರೆಕ್ಟರಿಯೊಂದನ್ನು ಮಗುಚುತ್ತಿದ್ದಾರೆ.

"ಇದಿನ್ನೂ ಹದಕ್ಕೆ ಬಂದಿಲ್ಲ," ಅನ್ನುತ್ತಾರೆ. "ಅಂಚು ಮೆತ್ತಗಾಗಿದೆ, ಒಳಗೆ ಇನ್ನೂ ಮೊಂಡು. ಇನ್ನು ನಾಲ್ಕು ದಿನ ಬಿಡ್ಬೇಕು."

ಬೋಗುಣಿಗಳ ಮೈಮೇಲೆ ಸೀಮೆಸುಣ್ಣದ ಬರಹ: ಮೂರು ದಿನ, ಹನ್ನೆರಡು ದಿನ, ನಲವತ್ತು ದಿನ. ನೀರು ನಲ್ಲಿಯದಲ್ಲ. ಕಡಲು ಉಕ್ಕಿ ಬೀದಿಗೆ ಬಂದಾಗ ಎರಡು ಕ್ಯಾನು ತುಂಬಿಕೊಂಡು, ಮೂರು ಮಹಡಿ ಹತ್ತಿ ತಂದದ್ದು. ಲಿಫ್ಟಿದೆ. ಅದು ಏಳೂವರೆಗೆ ಶುರುವಾಗುತ್ತದೆ, ಕಸ್ಮಿರಾ ನಾಲ್ಕೂವರೆಗೆ.

"ನಲ್ಲಿ ನೀರಲ್ಲಿ ನೆಂದ ಪುಸ್ತಕ ಉಬ್ಬಿ ಹೂವಾಗಿಬಿಡುತ್ತೆ, ನೋಡೋಕೆ ಚಂದ. ಕಡಲ ನೀರಿಂದು ಹಾಗಲ್ಲ. ಒಣಗಿದ ಮೇಲೂ ಬೆವರ್ತಾನೇ ಇರುತ್ತೆ, ತಪ್ಪು ಮಾಡ್ದೋನ ಥರ."

ಕೆಳಗಿನ ಮಹಡಿಯಲ್ಲಿ ನಲವತ್ತು ಹುಡುಗ ಹುಡುಗಿಯರು ಕಂಪ್ಯೂಟರ್ ಗೇಮ್ ಕಟ್ಟುತ್ತಾರೆ. ಕಡಲು ಊರನ್ನು ನುಂಗಿ, ಜನ ಬಿಟ್ಟುಹೋಗಿ, ಅರವತ್ತು ವರ್ಷವಾದ ಮೇಲಿನ ಕಥೆ. ಆಡುವವನು ದೋಣಿಯಲ್ಲಿ ಈ ಹಳೇ ಪೇಟೆಗೇ ಬರುತ್ತಾನೆ, ಮುಳುಗಿದ ಬೀದಿಗಳಲ್ಲಿ ಅನ್ನ, ಔಷಧಿ, ಸೌದೆ ಹುಡುಕುತ್ತಾನೆ. ಆ ಗೇಮಿನಲ್ಲಿ ಒಂದು ಪಾಳುಬಿದ್ದ ಪುಸ್ತಕದಂಗಡಿಯಿದೆ. ಅದರ ಚಿತ್ರ ಮೊದಲ ಸಲ ಹೊರಬಿದ್ದಾಗ ದೇಶದೇಶದ ಆಟಗಾರರು ಬಾಯಿ ಬಿಟ್ಟರು. ಎಂಥ ಕಲೆಗಾರರಪ್ಪ ಇವರು ಅಂದರು. ಆ ಪಾಳಿನ ಕಲೆಗಾರ್ತಿಯ ಹೆಸರು ಆಫೀಸಿನ ಹಾಜರಿ ಪುಸ್ತಕದಲ್ಲಿ ಇವತ್ತಿಗೂ 'ನೆಲ ಒರೆಸುವವರು' ಅನ್ನುವ ಸಾಲಿನಲ್ಲಿದೆ.

ಆ ಅಂಗಡಿ ಊಹೆಯದಲ್ಲ. ಎರಡು ಬೀದಿ ಆಚೆ 'ಬಿಳಿ ಹಾಯಿ' ಅಂತ ನಿಜವಾಗಿಯೇ ಇತ್ತು. ಡಚ್ಚರ ಕಾಲದ ಕಟ್ಟಡ, ಬಾಗಿಲ ಮೇಲೆ ಬಣ್ಣದ ಗಾಜು, ನೆಲದಿಂದ ಮಾಳಿಗೆವರೆಗೆ ಒಂಬತ್ತು ಹಲಗೆಯ ತೇಗದ ಕಪಾಟುಗಳು. ಇಪ್ಪತ್ತೆರಡನೇ ವಯಸ್ಸಿಗೆ ಕಸ ಗುಡಿಸಲು ಸೇರಿದ ಕಸ್ಮಿರಾ ಮೂವತ್ತೊಂದು ವರ್ಷ ಅಲ್ಲೇ ಇದ್ದರು. ಐದನೇ ತರಗತಿಗೆ ಶಾಲೆ ಬಿಟ್ಟವರು. ಮಿಕ್ಕದ್ದನ್ನು ಧೂಳು ಒರೆಸುತ್ತ ಒರೆಸುತ್ತ ಓದಿಕೊಂಡರು. ಶಾಲೆಯಲ್ಲಿ ಕೂತವರೆಲ್ಲ ಓದಿದವರು, ಕೂರದವರೆಲ್ಲ ಮೊದ್ದುಗಳು ಅಂತ ನಂಬಿರುವ ಜನ ಒಂದು ಬೆಳಗ್ಗೆ ಬಂದು ಈ ಹೆಂಗಸಿನ ಎದುರು ಕೂರಬೇಕು.

ತಿಂಗಳಿಗೆ ಎರಡು ಮೂರು ಸಲ ಇಲ್ಲಿ ಕಡಲು ಮನೆಗೆ ಬರುತ್ತದೆ. ರೋಬ್ ಅನ್ನುತ್ತಾರೆ. ಮಳೆ ಬೇಕಿಲ್ಲ, ಗಾಳಿ ಬೇಕಿಲ್ಲ. ಬಿಸಿಲಿದ್ದಾಗಲೇ ಚರಂಡಿಯೊಳಗಿಂದ ಮೇಲೇಳುತ್ತದೆ.

"ಪತ್ರಿಕೇಲಿ ನೀರು ಬರೋ ಹೊತ್ತು ಬರೆದಿರ್ತಿದ್ರು, ನಾವು ನಂಬ್ತಿರ್ಲಿಲ್ಲ," ಅನ್ನುತ್ತಾರೆ ಕಸ್ಮಿರಾ. "ಜಿರಳೆ ಗೋಡೆ ಹತ್ತಿದ್ರೆ ನಾವು ಏಣಿ ಹತ್ತಬೇಕು. ಅಷ್ಟೇ ಲೆಕ್ಕ."

ಕೆಳಗಿನ ಮೂರು ಹಲಗೆಯ ಆರುನೂರ ನಲವತ್ತು ಪುಸ್ತಕ, ನಲವತ್ತು ನಿಮಿಷ. ಅಂಗಡಿಯ ಯಜಮಾನ ಎಂಕೊ ಸೂಯ್ ಕೆಳಗೆ ನಿಂತು ಕೊಡುತ್ತಿದ್ದ, ಕಸ್ಮಿರಾ ಏಣಿ ಮೇಲೆ ನಿಂತು ಜೋಡಿಸುತ್ತಿದ್ದರು. ನೀರಿಳಿದ ಮೇಲೆ ಮತ್ತೆ ಕೆಳಕ್ಕೆ. ಮೂವತ್ತೊಂದು ವರ್ಷದಲ್ಲಿ ಸುಮಾರು ಆರು ಲಕ್ಷ ಸಲ ಒಂದೊಂದು ಪುಸ್ತಕ ಮೇಲೇರಿದೆ, ಅಷ್ಟೇ ಸಲ ಇಳಿದಿದೆ. ಇವರ ಬಲಗಡೆ ಸೊಂಟ ಆ ಲೆಕ್ಕವನ್ನು ದಿನಾ ಒಪ್ಪಿಸುತ್ತದೆ.

ಮೊದಲು ಏರುತ್ತಿದ್ದದ್ದು ಮಕ್ಕಳ ಪುಸ್ತಕ. ಅದು ಯಜಮಾನನ ಹಟದ ಫಲ. ಮಕ್ಕಳ ಪುಸ್ತಕ ಅಂದರೆ ಮಕ್ಕಳ ಕೈಗೆ ಎಟುಕಬೇಕು, ಹಾಗಾಗಿ ತೀರಾ ಕೆಳಗಿನ ಹಲಗೆಯಲ್ಲೇ ಇರಬೇಕು ಅನ್ನುತ್ತಿದ್ದ.

"ನಾನು ಬೇಕಾದಷ್ಟು ಬೈದಿದ್ದೀನಿ. ಎಂಕೊ, ನಿಮಗೆ ಬುದ್ಧಿ ಇದೆಯಾ? ಸಮುದ್ರದ ಬಾಯಿಗೇ ಮಕ್ಕಳನ್ನ ಕೂರಿಸ್ತೀರಲ್ಲ ಅಂತ. ಅವರು ಹಲ್ಲಿಲ್ಲದ ಬಾಯಲ್ಲಿ ನಕ್ಕು, ಅದಕ್ಕೇ ನಿನ್ನನ್ನ ಇಟ್ಕೊಂಡಿದ್ದೀನಲ್ಲೇ ಅನ್ನೋರು."

ಎಂಟು ವರ್ಷದ ಹಿಂದೆ ಎಂಕೊ ತೀರಿಕೊಂಡ. ಅಂಗಡಿ ಮುಚ್ಚಿತು. ಎರಡು ಮಳೆಗಾಲದ ಹಿಂದೆ ಮಾಡು ಕುಸಿಯಿತು. ಈಗ ಬಾಗಿಲ ಗಾಜಿನ ಜಾಗದಲ್ಲಿ ಅತ್ತಿ ಗಿಡ ನಿಂತಿದೆ.

ಕಸ್ಮಿರಾ ಮನೆ ರೈಲು ಹಳಿಯ ಆಚೆ. ನೀರು ಏರಿದ ಹಾಗೆಲ್ಲ ಮಣ್ಣು ಹೊಯ್ದು ನೆಲ ಏರಿಸಿದ್ದಾರೆ, ಮೂರು ಸಲ. ನೆಲ ಏರಿತು, ಮಾಡು ಅಲ್ಲೇ ಉಳಿಯಿತು. ಹಾಗಾಗಿ ಅವರು ತಮ್ಮ ಸ್ವಂತ ಮನೆಯೊಳಗೆ ಬಗ್ಗಿಯೇ ನಡೆಯುತ್ತಾರೆ. ಆಫೀಸಿನಲ್ಲಿ ನೆಲ ಒರೆಸುವಾಗಲೂ ಬಗ್ಗಿಯೇ ಇರುತ್ತಾರೆ. ಬೆನ್ನು ನೆಟ್ಟಗಾಗುವುದು ತಾರಸಿಯ ಮೇಲೆ ಮಾತ್ರ.

ನೆಲ ಒರೆಸುವವರು ಪಾಳು ಕಟ್ಟುವವರಾದದ್ದು ಎರಡು ವರ್ಷದ ಹಿಂದೆ. ಇಪ್ಪತ್ತೇಳರ ಸೆನೊ ಅಂಗಡಿಯ ಒಳಾಂಗಣ ಕಟ್ಟುತ್ತಿದ್ದ. ಪರದೆಯ ಮೇಲೆ ನೆಲದ ತುಂಬ ಪುಸ್ತಕ ಚೆಲ್ಲಿತ್ತು, ಕಪಾಟು ಮಗುಚಿತ್ತು, ಗೋಡೆಯೆಲ್ಲ ಮಸಿ. ಅವನ ಕುರ್ಚಿ ಹಿಂದೆ ಒರೆಸುಕೋಲು ನಿಂತುಹೋಯಿತು.

"ಯಾರಪ್ಪ ಕದ್ರು?"

"ಕದ್ದಿಲ್ಲ ಬುದೆ, ಇದು ಪಾಳುಬಿದ್ದಿರೋದು." ಆಫೀಸಿನವರಿಗೆಲ್ಲ ಅವರು ಬುದೆ, ದೊಡ್ಡಮ್ಮ.

"ಲೇ, ಪಾಳುಬೀಳೋಕೂ ಒಂದು ರೀತಿ ಇದೆ. ಇದು ಕಳ್ಳರು ನುಗ್ಗಿದ ಅಂಗಡಿ. ಕಡಲು ದಿನಾ ಬರ್ತಿತ್ತು ಅಂತೀಯ. ಹಾಗಾದ್ರೆ ಕೆಳಗಿನ ಹಲಗೇಲಿ ಪುಸ್ತಕ ಯಾಕಿದೆ? ಅಂಗಡಿಯೋರು ಏನು ಮಾಡ್ತಿದ್ರು, ನಿದ್ದೆನಾ?"

ಸೆನೊ ಕುರ್ಚಿ ಬಿಟ್ಟೆದ್ದ. "ಕೂತ್ಕೊಳ್ಳಿ ಬುದೆ."

"ನೆಲ ಒದ್ದೆ ಇದೆ. ಒಣಗ್ಲಿ, ಆಮೇಲೆ ಕೂರ್ತೀನಿ," ಅಂದರು.

ಒಣಗಿದ ಮೇಲೆ ಕೂತರು. ಅವರ ಮೊದಲ ಕಟ್ಟಳೆ: ಕೆಡಿಸುವ ಮೊದಲು ಕಟ್ಟಬೇಕು. ಹಾಗಾಗಿ ಸೆನೊ ಮತ್ತು ಅವನ ಜೊತೆಗಾರರು ಮೊದಲು ಅಂಗಡಿಯನ್ನು ಇಡಿಯಾಗಿ ಕಟ್ಟಿದರು. ನಾಲ್ಕು ಸಾವಿರದ ಮುನ್ನೂರು ಪುಸ್ತಕ, ಎಂಕೊನ ಸವೆದ ಸ್ಟೂಲು, ಬೆಕ್ಕು ಮಲಗುತ್ತಿದ್ದ ತಕ್ಕಡಿ, ಕಪಾಟಿಗೆ ಒರಗಿದ ಉದ್ದನೆ ಏಣಿ. ಆಮೇಲೆ ಒಂದೊಂದೇ ರೋಬ್ ಬಿಟ್ಟರು. ಗೋಡೆಯ ಮೇಲೆ ನೀರಿನ ಗೆರೆ ಒಂದಲ್ಲ, ಹನ್ನೊಂದು. ಹಳೆಯದು ಕಂದು, ಹೊಸದು ಹಸಿರು. ಗೆದ್ದಲಿನ ಮಣ್ಣಿನ ದಾರಿ ಎಲ್ಲಿ ತಿರುಗಬೇಕು ಅಂತ ಕಸ್ಮಿರಾ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಗಾಜೆಲ್ಲ ಬೆರಳಚ್ಚು. ಮಾರನೇ ಬೆಳಗ್ಗೆ ಅದನ್ನು ಒರೆಸಿದವರೂ ಅವರೇ.

ತಾರಸಿಯ ಬೋಗುಣಿಗಳೂ ಅವರದೇ ಯೋಚನೆ. ನೆಂದ ಪುಸ್ತಕ ಹೇಗಿರುತ್ತದೆ ಅಂತ ಬಾಯಲ್ಲಿ ಹೇಳಿ ಸಾಕಾಗಿ ನೆನೆಸಿಯೇ ತೋರಿಸಿದರು. ಹುಡುಗರು ಅದರ ಫೋಟೊ ತೆಗೆದು ಗೇಮಿನೊಳಗೆ ಇಳಿಸುತ್ತಾರೆ. ಇದುವರೆಗೆ ನಾನೂರ ಹನ್ನೆರಡು ಪುಸ್ತಕ ನೆಂದಿವೆ. ಅದರಲ್ಲೂ ಬುದೆಯ ನಿಯಮವಿದೆ. ಒಮ್ಮೆ ಸೆನೊ ಗುಜರಿಯಿಂದ ಒಂದು ಕಟ್ಟು ಕಥೆ ಪುಸ್ತಕ ತಂದಾಗ ಹಾಗೇ ವಾಪಸು ಕೈಗಿಟ್ಟರು.

"ಮೂವತ್ತೊಂದು ವರ್ಷ ನೀರಿಂದ ಎತ್ತಿದ ಕೈ ಇದು. ಇದರಲ್ಲೇ ಮುಳುಗಿಸು ಅಂತೀಯಲ್ಲ! ತೆರಿಗೆ ಫಾರಂ ತಗೊಂಡು ಬಾ. ಪರೀಕ್ಷೆ ಗೈಡು ತಗೊಂಡು ಬಾ. ಅವು ಮುಳುಗಿದ್ರೆ ಯಾರೂ ಅಳಲ್ಲ."

ಹೋದ ತಿಂಗಳು ಇದೆಲ್ಲ ಕೈಬಿಟ್ಟು ಹೋಗುವುದರಲ್ಲಿತ್ತು.

ಗೇಮಿಗೆ ದುಡ್ಡು ಹಾಕಿರುವ ಹೊರದೇಶದ ಕಂಪನಿ ಪ್ರತಿ ಸೋಮವಾರ ತಪ್ಪುಗಳ ಪಟ್ಟಿ ಕಳಿಸುತ್ತದೆ. ಗೋಡೆಯೊಳಗೆ ಕಾಲು ತೂರುತ್ತಿದೆ, ಬಾಗಿಲು ತೆರೆಯುತ್ತಿಲ್ಲ, ಇಂಥವು. ಆ ಸೋಮವಾರ ಪಟ್ಟಿಯ ಎರಡು ಸಾವಿರದ ಇನ್ನೂರ ಏಳನೇ ತಪ್ಪು ಹೀಗಿತ್ತು: 'ಪುಸ್ತಕದಂಗಡಿ. ಮಕ್ಕಳ ಪುಸ್ತಕಗಳು ತೀರಾ ಮೇಲಿನ ಹಲಗೆಯಲ್ಲಿವೆ. ಯಾವ ಅಂಗಡಿಯಲ್ಲೂ ಹಾಗಿಡುವುದಿಲ್ಲ. ಕೆಳಗಿನ ಮೂರು ಹಲಗೆ ಖಾಲಿಯಿವೆ, ನೆಲ ಬೋಳಾಗಿದೆ, ಪಾಳು ಅನ್ನಿಸುವುದಿಲ್ಲ. ಮಕ್ಕಳ ಪುಸ್ತಕ ಕೆಳಕ್ಕೆ ತಂದು ನೆಲದ ಮೇಲೆ ಹರಡಿ. ಶುಕ್ರವಾರದೊಳಗೆ.'

ಆಫೀಸು ನಡೆಸುವ ಮೆಯ್ಲಾನ್ ಕೆಟ್ಟವರಲ್ಲ. ನಲವತ್ತು ಜನರ ಅನ್ನ ಅವರ ತಲೆ ಮೇಲಿದೆ. "ಸೆನೊ, ಎರಡು ಗಂಟೆ ಕೆಲಸ. ಬದಲಾಯಿಸಿಬಿಡು," ಅಂದರು.

"ಚೀ, ಬುದೆಗೆ ಯಾರು ಹೇಳೋದು?"

ಚೀ ಅಂದರೆ ಅಕ್ಕ. ಅಕ್ಕನೇ ಹೇಳಬೇಕಾಯಿತು. ಗುರುವಾರ ಬೆಳಗ್ಗೆ ಮೆಯ್ಲಾನ್ ತಾರಸಿ ಹತ್ತಿ, ಮೆಟ್ಟಿಲ ಬಳಿ ನಿಂತೇ ವಿಷಯ ತಿಳಿಸಿದರು. ಕಸ್ಮಿರಾ ಕೈಯಲ್ಲಿದ್ದ ಪುಸ್ತಕವನ್ನು ಬೋಗುಣಿಯೊಳಗೆ ಮೆಲ್ಲಗೆ ಬಿಟ್ಟು, ಸಾರೊಂಗಿಗೆ ಕೈ ಒರೆಸಿಕೊಂಡರು.

"ಅವರಿಗೆ ಹೇಗಮ್ಮ ಗೊತ್ತು, ಯಾರೂ ಹಾಗಿಡಲ್ಲ ಅಂತ?"

"ಎಲ್ಲ ಕಡೆ ಮಕ್ಕಳ ಪುಸ್ತಕ ಕೆಳಗೇ ಇರುತ್ತಲ್ಲ, ಬುದೆ."

"ಕೆಳಗೇ ಇತ್ತು. ಎತ್ತಿದ್ದು ನಾನು." ಪಕ್ಕದ ಬೋಗುಣಿಯ ಅಂಚು ಒರೆಸಿದರು. "ಎಂಕೊ ಹೋಗಿ ನಲವತ್ತು ದಿನ ಆಗಿತ್ತು. ಅವರ ಮಗ ಊರಿಂದ ಬಂದು, ಇವತ್ತೇ ಕೊನೆ, ಬೀಗದ ಕೈ ಕೊಟ್ಟು ಹೋಗು ಅಂದ. ಇನ್ನು ಮೂರು ದಿನಕ್ಕೆ ದೊಡ್ಡ ರೋಬ್ ಇತ್ತು. ಕೆಳಗೆ ನಿಂತು ಕೊಡೋರಿಲ್ಲ. ಒಬ್ಬಳೇ ಇಳಿದು ಹತ್ತಿ, ಇಳಿದು ಹತ್ತಿ, ಮಕ್ಕಳದ್ದಷ್ಟನ್ನೂ ತುತ್ತತುದಿಗೆ, ಮಿಕ್ಕ ಎರಡು ಹಲಗೇದನ್ನ ಅದರ ಕೆಳಗೆ ಇಟ್ಟೆ. ಯಾರಾದ್ರೂ ಬಂದು ಇಳಿಸ್ತಾರೆ ಅಂದ್ಕೊಂಡೆ. ಬೀಗ ಕೊಟ್ಟ ಮೇಲೆ ನಾನು ಹೋಗೋಹಾಗಿಲ್ವಲ್ಲ. ಆರು ವರ್ಷ ಯಾರೂ ಬರ್ಲಿಲ್ಲ. ಆಮೇಲೆ ಮಾಡು ಬಿತ್ತು. ಕೆಳಗಿನ ನೀರಿಗೆ ಹೆದರಿ ಎತ್ತಿಟ್ಟೆ, ಚೀ. ನೀರು ಮೇಲಿಂದ ಬಂತು."

ಮೆಯ್ಲಾನ್ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಇಬ್ಬರ ನಡುವೆ ನಲವತ್ತು ದಿನದ ಬೋಗುಣಿ.

"ಎಲ್ಲಾ ಅಂಗಡಿ ಹೇಗಿರುತ್ತೋ ಹಾಗೆ ಮಾಡ್ಬೇಕು ಅಂದ್ರೆ ಮಾಡ್ಲಿ," ಅಂದರು ಕಸ್ಮಿರಾ. "ಆದ್ರೆ ಬಾಗಿಲ ಮೇಲಿನ ಹೆಸರು ಅಳಿಸ್ಲಿ. ಅದು ನಮ್ಮ ಬಿಳಿ ಹಾಯಿ ಅಲ್ಲ. ನನ್ನ ಬೋಗುಣಿ ನಾನು ತಗೊಂಡು ಹೋಗ್ತೀನಿ. ನೆಲ ಒರೆಸೋಕೆ ಬರ್ತೀನಿ, ಅದಕ್ಕೇನು."

ಅವತ್ತು ಮಧ್ಯಾಹ್ನ ಉತ್ತರ ಹೋಯಿತು. ಬರೆದದ್ದು ಮೆಯ್ಲಾನ್, ಹೇಳಿ ಬರೆಸಿದ್ದು ಕಸ್ಮಿರಾ, ಒಂದು ಕೈಯಲ್ಲಿ ಒರೆಸುಕೋಲು ಹಿಡಿದುಕೊಂಡೇ: 'ಇದು ತಪ್ಪಲ್ಲ. ನೀರು ಬರುವ ಮೊದಲು ಒಬ್ಬರು ಎತ್ತಿಟ್ಟಿದ್ದಾರೆ. ಎಲ್ಲಕ್ಕಿಂತ ಮೊದಲು ಮಕ್ಕಳದ್ದು. ನೆಲ ಬೋಳಾಗಿದೆ ಅಂದರೆ ಅಲ್ಲಿ ಕೊನೆವರೆಗೂ ಕಾದವರಿದ್ದರು ಅಂತ ಅರ್ಥ.'

ಶುಕ್ರವಾರ ಸಂಜೆಯವರೆಗೆ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬೀದಿ ಕೊನೆಯ ಗಾಡಿಯಿಂದ ತಂದ ಲುಂಪಿಯಾ ತಣ್ಣಗಾಗಿ ಎಣ್ಣೆ ಬಿಟ್ಟುಕೊಂಡಿತ್ತು. ಐದಕ್ಕೆ ಹತ್ತು ನಿಮಿಷವಿದ್ದಾಗ ಪಟ್ಟಿಯಲ್ಲಿ ಆ ಸಾಲಿನ ಮೇಲೆ ಗೆರೆ ಬಿತ್ತು. ಪಕ್ಕದಲ್ಲಿ ಎರಡೇ ಮಾತು: 'ಹಾಗೇ ಇರಲಿ. ನಮಗೆ ಹೊಳೆದಿರಲಿಲ್ಲ.' ಸೆನೊ ಕಿರುಚಿದ್ದಕ್ಕೆ ಪಕ್ಕದ ಕಟ್ಟಡದವರು ಕಿಟಕಿ ತೆಗೆದು ನೋಡಿದರು. ಕಸ್ಮಿರಾ ಮಾತ್ರ, "ತಿನ್ರೋ, ಸುಮ್ನೆ ದಂಡ ಆಗುತ್ತಲ್ಲ," ಅಂತ ಲುಂಪಿಯಾ ಹಂಚಿದರು.

ಹೊಳೆದಿರಲಿಲ್ಲವಂತೆ. ಹೊಳೆಯುವುದು ಎಲ್ಲಿಂದ? ಏಣಿ ಹತ್ತಿದವರಿಗಲ್ಲವೇ ಹೊಳೆಯುವುದು. ಗೇಮಿನ ಕೊನೆಗೆ ಅದನ್ನು ಕಟ್ಟಿದವರ ಹೆಸರುಗಳು ಓಡುತ್ತವೆ, ಮುನ್ನೂರ ನಲವತ್ತು. ದುಡ್ಡು ಹಾಕಿದವರು, ಅವರ ವಕೀಲರು, ಗೇಮ್ ಕಟ್ಟುವಾಗ ಅವರವರ ಮನೆಗಳಲ್ಲಿ ಹುಟ್ಟಿದ ಕೂಸುಗಳು, ಆಫೀಸಿನ ಬೆಕ್ಕು ಕೂಡ. ಕಸ್ಮಿರಾ ಹೆಸರಿಲ್ಲ. ಗುತ್ತಿಗೆಯವರ ಮೂಲಕ ಬಂದ ಕೆಲಸದವರನ್ನು ಸೇರಿಸುವ ಪದ್ಧತಿ ಇಲ್ಲವಂತೆ. ಬೆಕ್ಕು ಯಾವ ಗುತ್ತಿಗೆಯವರ ಮೂಲಕ ಬಂತೋ! ಸೆನೊ ಮೂರು ಸಲ ಬರೆದು ಕೇಳಿದ್ದಾನೆ, ನಾಲ್ಕನೆಯದನ್ನು ಬರೆಯುತ್ತಿದ್ದಾನೆ.

"ಬೆಕ್ಕಿಗೆ ಇರ್ಲಿ ಬಿಡೋ," ಅನ್ನುತ್ತಾರೆ ಕಸ್ಮಿರಾ. "ಪಾಪ, ಅದಕ್ಕೆ ಬೇರೆ ಏನಿದೆ?"

ಅವರಿಗೆ ಬೇಕಾಗಿರುವುದು ಬೇರೆ. ಈ ಬೆಳಗ್ಗೆ ಬೋಗುಣಿಗಳನ್ನು ಮುಗಿಸಿ ಕೆಳಗಿಳಿದವರು ಸೆನೊನ ಹಿಂದೆ ನಿಂತಿದ್ದಾರೆ. ಪರದೆಯ ಮೇಲೆ ಬಿಳಿ ಹಾಯಿ. ಮೊಣಕಾಲುದ್ದ ಹಸಿರು ನೀರು, ಖಾಲಿ ಹಲಗೆಗಳು, ತುದಿಯಲ್ಲಿ ಮಕ್ಕಳ ಪುಸ್ತಕಗಳ ಬಣ್ಣಬಣ್ಣದ ಸಣ್ಣ ಬೆನ್ನುಗಳ ಸಾಲು. ಅದರ ಮೇಲಿನ ಮಾಡು ಮಾತ್ರ ಗಟ್ಟಿಯಾಗಿದೆ. ಅಷ್ಟನ್ನು ಅವರು ಮೊದಲೇ ಕೇಳಿ ಮಾಡಿಸಿಕೊಂಡಿದ್ದಾರೆ. ನೀರಿನಲ್ಲಿ ಏಣಿ ಎರಡು ತುಂಡಾಗಿ ತೇಲುತ್ತಿದೆ.

"ಇದನ್ಯಾಕೆ ಮುರಿದೆ?"

"ಅರವತ್ತು ವರ್ಷ ಆಗಿದೆ ಬುದೆ. ಮರದ ಏಣಿ ಉಳಿಯುತ್ತಾ?"

"ತೇಗದ್ದು ಲೇ. ನನ್ನ ಸೊಂಟ ಮುರೀತು, ಅದು ಮುರೀಲಿಲ್ಲ. ಬೇಕಾದ್ರೆ ಒಂದು ಮೆಟ್ಟಿಲು ಕಿತ್ತುಹಾಕು, ಕೆಳಗಿಂದ ಮೂರನೇದು. ಅದು ಮೊದಲಿಂದ್ಲೂ ಅಲ್ಲಾಡ್ತಿತ್ತು. ಆದ್ರೆ ಏಣಿ ಒರಗಿಸಿಡು."

ಸೆನೊ ತಿರುಗಿ ನೋಡುತ್ತಾನೆ. "ಅಷ್ಟು ಮೇಲೆ ಯಾರು ಹತ್ತುತ್ತಾರೆ ಬುದೆ? ಅಲ್ಲಿ ಅನ್ನ ಇಲ್ಲ, ಔಷಧಿ ಇಲ್ಲ."

ಕಸ್ಮಿರಾ ಬಕೆಟ್ಟಿಗೆ ಒರೆಸುಬಟ್ಟೆ ಅದ್ದಿ ಹಿಂಡುತ್ತಾರೆ, ಕಿಟಕಿಯ ಕಡೆಯಿಂದ ಶುರುಮಾಡುತ್ತಾರೆ.

"ಯಾರಾದ್ರೂ ಹತ್ತುತ್ತಾರೆ. ನಾನು ಎತ್ತಿಟ್ಟಿದ್ದು ಇಳಿಸೋಕೆ ತಾನೆ."