ಇಸಾಕ್ ಸಾಹೇಬರ ಕಿವಿ, ಸಿದ್ದರಾಮುವಿನ ಮೊಣಕಾಲು

ಕೆಲಸಕ್ಕೆ ಸೇರಿದ ಮೊದಲನೇ ದಿನವೇ ನಾನು ತಡ. ಮಂಡ್ಯದ ನಮ್ಮ ಇಂಟರ್ಮೀಡಿಯೆಟ್ ಕಾಲೇಜಿನ ಗುಮಾಸ್ತೆ ಎಂಬ ಗತ್ತಿನಲ್ಲಿ ಇಸ್ತ್ರಿ ಮಾಡಿದ ಕೋಟು ತೊಟ್ಟು, ಹಿಂಬಾಗಿಲಿನಿಂದ ಕಳ್ಳನ ಹಾಗೆ ನುಸುಳುತ್ತಿದ್ದಾಗ ಶೆಡ್ಡಿನೊಳಗಿನ ನೋಟ ಕಣ್ಣಿಗೆ ಬಿತ್ತು. ಬೆಂಚಿನ ಮೇಲೆ ಬೋರಲು ಮಲಗಿದ ಹುಡುಗನೊಬ್ಬ ‘ಅಯ್ಯಯ್ಯೋ’ ಅನ್ನುತ್ತಿದ್ದಾನೆ. ಗಡ್ಡದ ಆಸಾಮಿಯೊಬ್ಬ ಅವನ ಕಾಲನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದ್ದಾನೆ. ಇನ್ನಿಬ್ಬರು ಪಂಚೆ ಎತ್ತಿಕಟ್ಟಿ ಸರದಿ ಕಾಯುತ್ತಿದ್ದಾರೆ. ತಡವಾಗಿ ಬಂದವರಿಗೆ ಈ ಕಾಲೇಜಿನಲ್ಲಿ ಕೊಡುವ ಶಿಕ್ಷೆ ಇದೇ ಅಂದುಕೊಂಡೆ. ನೌಕರರಿಗೂ ಉಂಟೋ ಎಂದು ಕೇಳುವ ಧೈರ್ಯವಾಗಲಿಲ್ಲ. ಆ ತಿಂಗಳೆಲ್ಲ ಜವಾನ ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದೆ. ಪ್ರಿನ್ಸಿಪಾಲರು ನನ್ನ ಶಿಸ್ತನ್ನು ನಾಲ್ಕು ಜನರ ಮುಂದೆ ಹೊಗಳಿದರು.

ಆ ಗಡ್ಡದವರೇ ಇಸಾಕ್ ಸಾಹೇಬರು, ನಮ್ಮ ಆಟಗಾರರ ಕೈಕಾಲು ನೋಡಿಕೊಳ್ಳುವವರು. ಮೊದಲು ಮದ್ದೂರು ಸ್ಟೇಷನ್ನಿನಲ್ಲಿ ಜಟಕಾ ಹೊಡೆಯುತ್ತಿದ್ದರು. ಸುತ್ತಲಿನವರು ಕುಂಟುವ ಕುದುರೆಯನ್ನೆಲ್ಲ ಅವರ ಹತ್ತಿರವೇ ತರುತ್ತಿದ್ದರಂತೆ. ಮೂವತ್ತೇಳರಲ್ಲೋ ಮೂವತ್ತೆಂಟರಲ್ಲೋ ಮ್ಯಾಚು ಮುಗಿಸಿ ರೈಲಿಗೆ ಕಾದಿದ್ದ ನಮ್ಮ ಹುಡುಗನೊಬ್ಬನ ಉಳುಕಿದ ಪಾದವನ್ನು ಪ್ಲಾಟ್‌ಫಾರಮ್ಮಿನ ಮೇಲೇ ಸರಿಮಾಡಿದರು. ಅಲ್ಲಿಂದ ಕುದುರೆ ಬಿಟ್ಟು ಕಾಲೇಜು ಹಿಡಿದರು. ಎಣ್ಣೆ ಅದೇ, ಬೈಗುಳವೂ ಅದೇ. “ಒದೀಬ್ಯಾಡ, ನಿಲ್ಲಲೇ” ಅಂತಲೇ ಹುಡುಗರ ಹಿಮ್ಮಡಿ ಹಿಡಿಯುತ್ತಿದ್ದರು.

ಕಾಲು ವಾಸಿಯಾಯಿತೋ ಇಲ್ಲವೋ ಎಂದು ನೋಡುವ ಪದ್ಧತಿಯೂ ಕುದುರೆಯದ್ದೇ. ಗಟ್ಟಿ ರಸ್ತೆಯಲ್ಲಿ ಓಡಿಸಿ, ತಾವು ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ಹೆಜ್ಜೆಯ ಸದ್ದು ಕೇಳುತ್ತಿದ್ದರು. ಎರಡು ಕಾಲಿನ ಸದ್ದು ಒಂದೇ ಆಗಿದ್ದರೆ ಆಟ, ಇಲ್ಲದಿದ್ದರೆ ಬೆಂಚು.

ಸಾಹೇಬರಿಗೆ ಒಂದೇ ಒಂದು ಆಸೆಯಿತ್ತು: ಫುಟ್‌ಬಾಲ್ ಕಪ್ಪು. ಪ್ರತಿ ಸಲವೂ ಕೊನೆಯ ಮ್ಯಾಚಿಗೆ ಬಂದು ಶಿವನಸಮುದ್ರದ ಪವರ್‌ಹೌಸಿನ ತಂಡದ, ಅಂದರೆ ಕರೆಂಟಿನವರ, ಕೈಲಿ ಸೋಲುವುದು ನಮಗೆ ರೂಢಿಯಾಗಿಬಿಟ್ಟಿತ್ತು. ನಲವತ್ತಾರರಲ್ಲಿ ಹೊಳಲಿನ ಸಿದ್ದರಾಮು ಬಂದ. ಅವನ ಕಾಲಿಗೆ ಚೆಂಡು ಸಿಕ್ಕಿದರೆ ಗೋಲಿನೊಳಗೇ ಬಿಡುಗಡೆ. “ಈ ಸಲ ನಮ್ದೇ ಕಣಪ್ಪ, ನೋಡ್ತಿರು” ಎಂದು ಸಾಹೇಬರು ನನ್ನ ಮೇಜಿನ ತನಕ ಬಂದು ಹೇಳಿ ಹೋದರು. ಕೊನೆಯ ಮ್ಯಾಚಿನ ವಾರದಲ್ಲೇ ಸಿದ್ದರಾಮುವಿನ ಮೊಣಕಾಲು ತಿರುಚಿತು.

ಹರಳೆಲೆ ಕಟ್ಟಿದ್ದಾಯಿತು, ಉಪ್ಪುನೀರಿನ ಶಾಖ ಕೊಟ್ಟದ್ದಾಯಿತು. ಮ್ಯಾಚಿನ ಬೆಳಿಗ್ಗೆ ಮಳವಳ್ಳಿ ಮೈದಾನದ ಪಕ್ಕದ ರಸ್ತೆಯಲ್ಲಿ ಸಾಹೇಬರು ಬೆನ್ನು ತಿರುಗಿಸಿ, “ಓಡ್ಲಾ” ಅಂದರು. ಕ್ಯಾಪ್ಟನ್ ಮುದ್ದಯ್ಯ ನಮ್ಮ ಗೋಲ್‌ಕೀಪರ್, ಮುಕ್ಕಾಲು ಗೋಲು ಅವನ ಹೊಟ್ಟೆಯೇ ತುಂಬುತ್ತಿತ್ತು. ಅವನು ಸಿದ್ದರಾಮುವನ್ನು ಪಕ್ಕಕ್ಕೆಳೆದು, ತಾನೇ ದಡದಡ ಓಡಿ ಬಂದು ನಿಂತ. ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಮುದ್ದಯ್ಯನಿಗೆ ಮಾತ್ರ ಆಗಲಿಲ್ಲ.

“ಕಾಲೇನೋ ಚೆನ್ನಾಗದೆ,” ಅಂದರು ಸಾಹೇಬರು, ತಿರುಗದೆಯೇ. “ಸಿದ್ದರಾಮುಗೆ ಯಾವತ್ತಿಂದ್ಲಾ ಉಬ್ಸ?”

ಆಮೇಲೆ ನಿಜವಾದ ಸಿದ್ದರಾಮು ಓಡಿದ. ಎರಡು ಕಾಲಿನ ಸದ್ದು ಬೇರೆ ಬೇರೆ. ಸಾಹೇಬರು ತಿರುಗಿ ಅವನ ಮೊಣಕಾಲು ಮುಟ್ಟಿ ನೋಡಿದರು. “ಇನ್ನೊಂದ್ಸಲ ತಿರುಚಿದ್ರೆ ಈ ಮೊಣಕಾಲು ಸಾಯೋಗಂಟ ನೆಟ್ಟಗಾಗಲ್ಲ. ಬ್ಯಾಡ,” ಅಂದರು.

ಸಿದ್ದರಾಮು ಇಲ್ಲದೆ ಆಟ ಶುರುವಾಯಿತು. ನಿಂಬೆಹಣ್ಣು, ಸೋಡ ಕಾಯುವುದು ನನ್ನ ಜವಾಬ್ದಾರಿ. ಮೊದಲ ಗೋಲು ಅವರದ್ದು. ಎರಡನೆಯ ಅರ್ಧದಲ್ಲಿ ನಮ್ಮವರು ಸಮ ಮಾಡಿದಾಗ ನಾನು ಗೊತ್ತಿಲ್ಲದೆ ಮುಂದೆ ಕೂತಿದ್ದವರೊಬ್ಬರ ಬೆನ್ನಿಗೆ ಒದ್ದೆ. ಅವರು ತಿರುಗಿ ನನ್ನನ್ನೇ ತಬ್ಬಿಕೊಂಡರು. ಮೈದಾನದ ಧೂಳು, ಕೂಗು, ಶಿಳ್ಳೆ. ಚೆಂಡು ಅವರ ಗೋಲಿನ ಮುಂದೆ ಮತ್ತೆ ಮತ್ತೆ ಹೋಗಿ ಬೀಳುತ್ತದೆ, ಒಳಕ್ಕೆ ತಳ್ಳುವ ಒಂದು ಕಾಲಿಲ್ಲ. ನಿಂಬೆಹಣ್ಣನ್ನೆಲ್ಲ ನಾನೇ ಕಚ್ಚಿ ಮುಗಿಸಿದ್ದೆ.

ಸಿದ್ದರಾಮು ಗೆರೆಯ ಹತ್ತಿರ ಬಂದು ನಿಂತ. ಮುದ್ದಯ್ಯ ಗೋಲು ಬಿಟ್ಟು ಓಡಿ ಬಂದ. “ಐದು ನಿಮಿಷ ಬುಡಿ ಸಾಬ್ರೆ, ಒಂದೇ ಒಂದು ಗೋಲು. ಅವನ ಜರ್ಸಿ ಎಲ್ಲಿ?”

ಜರ್ಸಿ ಸಾಹೇಬರ ಕೆಳಗಿತ್ತು. ಬೆಂಚಿನ ಮೇಲೆ ಅದನ್ನು ಮಡಿಸಿಟ್ಟು ಮೇಲೆ ಕೂತಿದ್ದರು.

“ಏಳಿ ಸಾಬ್ರೆ, ಕಾಲಿಗೆ ಬೀಳ್ತೀನಿ.”

“ಬಿದ್ದೆ ಅಂದ್ರೆ ನಿನ್ನ ಎತ್ತೋಕೆ ನಾಕಾಳು ಬೇಕು. ಓಗ್ಲಾ, ಗೋಲು ಬಣಗುಟ್ತಾ ಅದೆ.”

ಕರೆಂಟಿನವರೂ ಅದನ್ನು ನೋಡಿದ್ದರು. ಮುದ್ದಯ್ಯ ವಾಪಸ್ಸು ಮುಟ್ಟುವುದರೊಳಗೆ ಚೆಂಡು ಬಲೆಯಲ್ಲಿತ್ತು. ಮೈದಾನವೇ ಹಾರಿಬೀಳುವಷ್ಟು ಕೂಗು. ಸಾಹೇಬರು ಟೋಪಿ ತೆಗೆದು, ಕೊಡವಿ, ಮತ್ತೆ ಇಟ್ಟುಕೊಂಡರು. ಕಪ್ಪು ಆ ಸಲವೂ ಅವರಿಗೇ ಹೋಯಿತು.

ವಾಪಸ್ಸು ಬರುವಾಗ ಇದ್ದಿಲು ಉರಿಸಿ ಓಡುವ ಬಸ್ಸು ಮದ್ದೂರಿನ ಹತ್ತಿರದ ದಿಣ್ಣೆ ಏರಲಾರದೆ ನಿಂತಿತು. ಎಲ್ಲರೂ ಇಳಿದು ತಳ್ಳಿದೆವು. ಸಿದ್ದರಾಮು ಒಬ್ಬನೇ ಬಸ್ಸಿನೊಳಗೆ ಕೂತಿದ್ದ, ಮುಖ ಊದಿಸಿಕೊಂಡು. ಯಾರೂ ಸಾಹೇಬರನ್ನು ಮಾತಾಡಿಸುತ್ತಿರಲಿಲ್ಲ. ನನ್ನ ಬಾಯಿ ಎಂದೂ ನನ್ನ ಮಾತು ಕೇಳಿದ್ದಲ್ಲ.

“ಸಾಹೇಬ್ರೆ, ಅವನನ್ನ ಆಟಕ್ಕೆ ಇಳಿಸಿದ್ದಿದ್ರೆ ಗೆಲ್ತಿದ್ವಾ?”

ಹುಡುಗರೆಲ್ಲ ತಳ್ಳುವುದನ್ನು ನಿಲ್ಲಿಸಿದರು. ಬಸ್ಸು ಮೆಲ್ಲಗೆ ಹಿಂದಕ್ಕೆ ಜಾರಿತು. ಸಾಹೇಬರು ಅದಕ್ಕೆ ಹೆಗಲು ಕೊಟ್ಟರು.

“ಗೆಲ್ತಿದ್ವಿ. ಅದ್ಕೇನೀಗ? ತಳ್ಳು.”