ಎಂಜಿನ್ ನೀರಿನಲ್ಲಿ ಕುದಿದ ರೇಷ್ಮೆ

ಡೀಸೆಲ್ ಎಂಜಿನ್ನಿನ ಚರಿತ್ರೆ ಬರೆಯುವವರು ಅದರ ಬಲ, ವೇಗ, ಉಳಿತಾಯ ಎಲ್ಲವನ್ನೂ ಬರೆಯುತ್ತಾರೆ. ನಮ್ಮ ಸೋದರತ್ತೆ ಉರುಕುಂದಮ್ಮನ ರೇಷ್ಮೆಯ ಸುದ್ದಿ ಮಾತ್ರ ಯಾರಿಗೂ ಬೇಡ. ನನಗಂತೂ ಆ ಎಂಜಿನ್ ನೆನೆದರೆ ಈಗಲೂ ಅವಳ ರೇಷ್ಮೆಯೇ ಕಣ್ಣಿಗೆ ಬರುತ್ತದೆ.

ಅತ್ತೆ ಗದ್ವಾಲದ ನೇಕಾರರ ಓಣಿಯವಳು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡಿಸಿ ಸೀರೆ ನೇಯುವ ಮನೆ. ಹಸಿ ರೇಷ್ಮೆಗೆ ಒಂದು ಅಂಟಿರುತ್ತದೆ. ಸಾಬೂನು ಹಾಕಿದ ಕುದಿನೀರಿನಲ್ಲಿ ಅದನ್ನು ಬಿಡಿಸದಿದ್ದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಓಣಿಯವರು ಒಲೆ ಊದುತ್ತ ಕಣ್ಣೀರು ಸುರಿಸುವಾಗ ಅತ್ತೆ ಕೊಡದಲ್ಲಿ ಬಾವಿನೀರು ತುಂಬಿಕೊಂಡು ಸ್ಟೇಷನ್ನಿಗೆ ಹೋಗುತ್ತಿದ್ದಳು. ಮಧ್ಯಾಹ್ನದ ಗಾಡಿ ನಿಂತಾಗ ಫೈರ್‌ಮನ್ ತಾಯಣ್ಣ ಉಗಿ ಎಂಜಿನ್ನಿನ ಕೊಳವೆಯನ್ನು ಕೊಡಕ್ಕೆ ಇಳಿಬಿಟ್ಟು ಹಬೆ ಹಾಯಿಸುತ್ತಿದ್ದ. ನೀರು ಕೊತಕೊತ ಕುದಿಯುತ್ತಿತ್ತು. ಅತ್ತೆ ಅಲ್ಲೇ ಬೇಲಿಯ ಪಕ್ಕ ರೇಷ್ಮೆ ನೂಲಿನ ಲಡಿಗಳನ್ನು ಅದ್ದಿ, ಕಾವು ಆರದಂತೆ ಕೊಡಕ್ಕೆ ಗೋಣಿತಟ್ಟು ಸುತ್ತಿ ಕೂರುತ್ತಿದ್ದಳು. ಹೈದರಾಬಾದಿನ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಗಾಡಿ ನಿಂತು ಊರೆಲ್ಲ ಬಾಗಿಲು ಹಾಕಿಕೊಂಡಾಗಲೂ ಅವಳ ಪ್ರಶ್ನೆ ಒಂದೇ: “ತಾಯಣ್ಣನ ಎಂಜಿನ್ ಯಾವಾಗ ಬರ್ತೈತಿ?”

ಕೆಲವು ವರ್ಷ ಕಳೆದವು. ಹೈದರಾಬಾದ್ ಸ್ಟೇಟ್ ಒಡೆಯುವ ಮಾತು ಕೇಳಿಬರುವ ಹೊತ್ತಿಗೆ ಮಗಳು ಶಂಕರಮ್ಮನಿಗೆ ಮಕ್ತಲ್‌ನ ಸಂಬಂಧ ಕೂಡಿಬಂತು. ಊರಿಗೆಲ್ಲ ಸೀರೆ ನೇಯ್ದ ಅತ್ತೆ ತಾನು ಮಾತ್ರ ಒಂದು ದಿನವೂ ಗದ್ವಾಲ ಸೀರೆ ಉಟ್ಟವಳಲ್ಲ. ಮಗಳು ಧಾರೆಗೆ ಉಡಲೇಬೇಕೆಂದು ಕೂಲಿಯ ಬದಲು ರೇಷ್ಮೆ ಕೇಳಿ ಪಡೆದು, ವರ್ಷಗಟ್ಟಲೆ ಕೂಡಿಟ್ಟಿದ್ದಳು.

ಅದನ್ನು ಹೊತ್ತು ಸ್ಟೇಷನ್ನಿಗೆ ಹೋದ ದಿನವೇ ಪರೀಕ್ಷೆಗೆಂದು ಡೀಸೆಲ್ ಎಂಜಿನ್ ಗಾಡಿ ಎಳೆದುಕೊಂಡು ಬಂತು. ಕುಲದ ಹಿರಿಯ ಭೀಮಯ್ಯ ಹೂವಿನ ಹಾರ ಹಾಕಿ ತೆಂಗಿನಕಾಯಿ ಒಡೆದ. “ಹೊಗಿ ಇಲ್ಲ, ಬೂದಿ ಇಲ್ಲ, ಎಂಥಾ ಮಡಿ ಎಂಜಿನ್ ನೋಡ್ರಿ!” ಎಂದ. ಮಡಿಯಂತೆ! ಕೆಳಗೆ ಎಣ್ಣೆ ತೊಟ್ಟಿಕ್ಕಿ ಜಲ್ಲಿಯೆಲ್ಲ ಜಿಡ್ಡಾಗಿತ್ತು, ನಾತಕ್ಕೆ ನಾಯಿಯೂ ಹತ್ತಿರ ಸುಳಿಯುತ್ತಿರಲಿಲ್ಲ.

ಅತ್ತೆ ಕೊಡ ಮುಂದೆ ಮಾಡಿ, “ಸ್ವಲ್ಪ ಹಬೆ ಬಿಡ್ರೀ, ಅಣ್ಣಾ” ಎಂದಳು. ಪರವೂರಿನ ಫಿಟ್ಟರ್ ಹಲ್ಲು ಕಿರಿದ. ಇದರಲ್ಲಿ ಹಬೆ ಎಲ್ಲಿಯದು? ಕೊಡದ ನೀರು ಚೆಲ್ಲಿಸಿ, ಎಂಜಿನ್ ತಂಪು ಮಾಡುವ ತೊಟ್ಟಿಯ ನಲ್ಲಿ ತಿರುಗಿಸಿ ಸುಡುನೀರು ತುಂಬಿಕೊಟ್ಟ. “ಪೀನಾ ನಕ್ಕೊ, ಅಮ್ಮಾ” ಎಂದ. ಕುಡಿಯಬೇಡ ಎನ್ನಲು ಅವನಿಗೆ ಗೊತ್ತಿತ್ತು. ತುಕ್ಕು ಹಿಡಿಯದಂತೆ ಅದರಲ್ಲಿ ರಸಾಯನ ಕಲಸಿದ್ದರು. ಕೊಡ ತಂದವಳು ಆ ನೀರನ್ನು ಏನು ಮಾಡುತ್ತಾಳೆಂದು ಕೇಳುವ ತಾಳ್ಮೆ ಮಾತ್ರ ಆ ಮಹಾಶಯನಿಗೆ ಇರಲಿಲ್ಲ.

ನೀರು ಹಳದಿಯಾಗಿತ್ತು. “ಅರಿಶಿನ ನೀರಿನಂಗ ಐತಿ, ಮದವಿ ರೇಷ್ಮಿಗೆ ಚಲೋನೇ ಆತು” ಎಂದುಕೊಂಡು ಅತ್ತೆ ಇದ್ದ ಲಡಿಗಳನ್ನೆಲ್ಲ ಅದ್ದಿದಳು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅನ್ನುತ್ತಾರೆ; ಹಳದಿಯಾಗಿದ್ದದ್ದೆಲ್ಲ ಅರಿಶಿನವೂ ಅಲ್ಲ. ತೆಗೆದಾಗ ರೇಷ್ಮೆ ಕೀವು ಮೆತ್ತಿದ ಬ್ಯಾಂಡೇಜಿನಂತಿತ್ತು. ಎಷ್ಟು ಸಲ ಬಾವಿನೀರಿನಲ್ಲಿ ಜಾಲಿಸಿದರೂ ಕಲೆ ಹೋಗಲಿಲ್ಲ, ನಾತವೂ ಹೋಗಲಿಲ್ಲ.

ಬೇರೆ ರೇಷ್ಮೆ ಇರಲಿಲ್ಲ, ಮುಹೂರ್ತ ನಿಲ್ಲುವಂತಿರಲಿಲ್ಲ. ಅತ್ತೆ ಅದನ್ನೇ ಕಡುಗೆಂಪು ಬಣ್ಣದಲ್ಲಿ ಮುಳುಗಿಸಿ ಅಂಚು ನೇಯ್ದಳು. ಬಣ್ಣ ಅಲ್ಲಲ್ಲಿ ಹಿಡಿದು ಅಲ್ಲಲ್ಲಿ ಬಿಟ್ಟಿತು. ಶಂಕರಮ್ಮ ತುಟಿ ಕಚ್ಚಿಕೊಂಡು ಉಟ್ಟಳು.

ಹಂದರದಲ್ಲಿ ಭೀಮಯ್ಯ ಮೂಗಿಗೆ ಶಲ್ಯ ಒತ್ತಿಕೊಂಡ. “ಏನವ್ವಾ ಇದು, ಮದುಮಗಳು ಹಿಂಗ ನಾರಾಕತ್ಯಾಳ? ಅಪಶಕುನ!”

ಅತ್ತೆ ಧಾರೆಯ ಚೊಂಬು ಕೆಳಗಿಟ್ಟಳು. “ಇದು ನಿಮ್ಮ ಮಡಿ ಎಂಜಿನ್ನಿಂದೇ ನಾತರೀ, ದೊಡ್ಡಪ್ಪಾ. ಅದಕ್ಕ ಕಾಯಿ ಒಡದು ಕೈ ಮುಗದ್ರಿ. ನನ್ನ ಮಗಳ ಮುಂದ ಮೂಗು ಮುಚ್ಚಿಕೋತೀರಿ?”

ಭೀಮಯ್ಯ ಶಲ್ಯ ತೆಗೆದದ್ದು ಊಟದ ಎಲೆ ಹಾಕಿದ ಮೇಲೆಯೇ.